ಸುಲ್ತಾನಾ ಹಿಡಿದ ಮರುದಿನ

ಇಂಡಿ ಪಟ್ಟಣದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಜುಲ್ಫಿಕರನ ಫೋಟೋ ಸ್ಟುಡಿಯೋ. ಹದಿನೆಂಟು ವರ್ಷದ ಹಿಂದೆ ಒಂದು ಮೆಹಂದಿ ಕಾರ್ಯಕ್ರಮದಲ್ಲಿ, ಹೆಂಗಸರ ಕೋಣೆಗೆ ಗಂಡಸು ಕಾಲಿಡಬಾರದೆಂದು ಹಿರಿಯರು ಅವನನ್ನು ಬಾಗಿಲಲ್ಲೇ ತಡೆದರು. ಅವನು ಕ್ಯಾಮೆರಾವನ್ನು ಹೆಂಡತಿ ಸುಲ್ತಾನಾಳ ಕೈಗೆ ಕೊಟ್ಟು, ಕೆಂಪು ಗುಂಡಿಯೊಂದನ್ನು ತೋರಿಸಿ ಒಳಗೆ ಕಳಿಸಿದ. ಆ ದಿನ ಅವಳು ಹಿಡಿದದ್ದರಲ್ಲಿ ಬಹುಪಾಲು ನೆಲವೂ ಛಾವಣಿಯೂ ಇತ್ತು. ನಡುವೆ ಮದುಮಗಳ ಅಜ್ಜಿ ಬೊಚ್ಚುಬಾಯಲ್ಲಿ ನಗುವ ಅರ್ಧ ನಿಮಿಷವಿತ್ತು. ಅದಕ್ಕಾಗಿಯೇ ಆ ಮನೆಯವರು ಮುಂದಿನ ಮದುವೆಗೆ ಅವಳನ್ನು ಹೆಸರು ಹಿಡಿದು ಕರೆದರು.

ಅಲ್ಲಿಂದೀಚೆಗೆ ಮೆಹಂದಿ, ಅರಿಷಿಣ, ಬಸುರಿಯ ಕುಬಸ, ಕೂಸಿನ ತೊಟ್ಟಿಲು ಎಂದು ಎಲ್ಲ ಜಾತಿಯ ಮನೆಗಳ ಒಳಕೋಣೆಗಳಿಗೂ ಅವಳು ಹೋಗಿ ಬಂದಿದ್ದಾಳೆ. ಸುತ್ತಲಿನ ಊರುಗಳಲ್ಲಿ ಅವಳಿಗೆ ‘ಕ್ಯಾಮೆರಾದಕ್ಕ’ ಎಂದೇ ಹೆಸರು.

ಕಳೆದ ಫೆಬ್ರವರಿಯ ಒಂದು ಶನಿವಾರ ಮಧ್ಯಾಹ್ನ ಮುದ್ದೇಬಿಹಾಳದಲ್ಲಿ ಓದುವ ಇಬ್ಬರು ಸ್ಟುಡಿಯೋಕ್ಕೆ ಬಂದರು. ವೃಂದಾ ಕಾಲೇಜು ಸ್ಪರ್ಧೆಗೆ ಒಂದು ಸಿನಿಮಾ ಮಾಡುತ್ತಿದ್ದಳು. ಜೊತೆಗಿದ್ದ ಸಂಗಮೇಶ ಹತ್ತಿರದ ಝಳಕಿ ಊರಿನವನು.

“ಅಕ್ಕಾರ, ನಾಳೆ ಒಂದ್ ದಿನ ಬರ್ತೀರೇನ್ರಿ? ನಮ್ಮ ಕ್ಯಾಮೆರಾದಾಂವ ಕೈ ಎತ್ಯಾನ್ರಿ. ಸೋಮವಾರ ಮುಂಜಾನೆ ಹತ್ತರೊಳಗ ಸಿನಿಮಾ ಕಳಸ್ಬೇಕು,” ಎಂದಳು ವೃಂದಾ. ಮುಖ ಬಾಡಿತ್ತು.

“ಎಷ್ಟು ತಾಸಿಂದು?”

“ಏಳು ನಿಮಿಷದ್ದರಿ.”

ಮೂರು ತಾಸಿನ ಮದುವೆ ಸಿನಿಮಾ ಮಾಡುವ ಸುಲ್ತಾನಾಗೆ ನಗು ಬಂತು. “ನಾಳೆ ಸಂಜೀಕ ಸಿಂದಗಿಯೊಳಗ ಒಂದು ಮೆಹಂದಿ ಐತಿ. ಒಂದು ಗಂಟೆಕ್ಕ ನನ್ನ ಬಿಡಬೇಕು ನೋಡವಾ. ಕಥಿ ಏನು?”

ವೃಂದಾ ಹೇಳಿದಳು. ಮಗಳ ಮದುವೆ ಮುಗಿದಿದೆ. ಮರುದಿನ ತಾಯಿ ಎಂದಿನಂತೆ ನಿಂಬೆ ತೋಟಕ್ಕೆ ಹೋಗುತ್ತಾಳೆ. ಅಷ್ಟೇ.

ನೂರಾರು ಮದುವೆಗಳಲ್ಲಿ, ಮದುಮಗಳ ಗಾಡಿ ಓಣಿಯ ತಿರುವು ದಾಟಿದ ಕೂಡಲೇ ಸುಲ್ತಾನಾ ಕ್ಯಾಮೆರಾ ಚೀಲಕ್ಕೆ ಹಾಕಿ ಊಟಕ್ಕೆ ಕೂತವಳು. ಆ ಮನೆಗಳಲ್ಲಿ ಮರುದಿನ ಬೆಳಗೂ ಆಗಿರುತ್ತದೆ ಎಂಬುದು ಒಮ್ಮೆಯೂ ಅವಳ ತಲೆಗೆ ಬಂದಿರಲಿಲ್ಲ.

“ಬರ್ತೇನಿ,” ಎಂದಳು.

ಭಾನುವಾರ ಬೆಳಗಿನ ಏಳಕ್ಕೆ ಝಳಕಿಯಲ್ಲಿ ಕೆಲಸ ಶುರುವಾಯಿತು. ತಾಯಿಯ ಪಾತ್ರಕ್ಕೆ ಸಂಗಮೇಶನ ದೊಡ್ಡವ್ವ ಶಂಕ್ರೆವ್ವ ಒಪ್ಪಿದ್ದಳು. ಮನೆಯೊಳಗಿನದೆಲ್ಲ ಹತ್ತರೊಳಗೆ ಮುಗಿಯಿತು. ಉಳಿದದ್ದು ತೋಟದ ದೃಶ್ಯ: ಕಾಲುವೆಯಲ್ಲಿ ನೀರು ಹರಿಯುತ್ತಿರುವಾಗ ತಾಯಿ ನಿಂಬೆಹಣ್ಣು ಆರಿಸುತ್ತ, ಗಿಡದ ಬುಡದಲ್ಲಿ ಕುಸಿದು ಕೂತು ಅಳಬೇಕು. ನೀರು ಬೇಕೆಂದರೆ ಮೋಟರ್ ಓಡಬೇಕು; ತೋಟದ ಕರೆಂಟು ಹನ್ನೆರಡಕ್ಕೆ ಹೋಗುವುದು.

ತನ್ನದೇ ತೋಟದಲ್ಲಿ ಶಂಕ್ರೆವ್ವ ರೇಷನ್ ಕಾರ್ಡಿನ ಫೋಟೋಕ್ಕೆ ನಿಂತವಳಂತೆ ಸೆಟೆದು ನಿಂತಳು. ಹಣ್ಣು ಆರಿಸಲು ಹೇಳಿದರೆ ಒಂದು ಹಣ್ಣೆತ್ತಿ ಕ್ಯಾಮೆರಾಕ್ಕೆ ತೋರಿಸಿದಳು.

“ಈಗ ಅಳ್ರಿ, ದೊಡ್ಡವ್ವಾರ,” ಎಂದಳು ವೃಂದಾ.

“ಯಾಕ ಅಳ್ಲಿ? ಮೂರು ವರ್ಷ ಆತು, ನನ್ನ ಮಗಳನ್ನ ಚಲೋ ಮನಿಗೇ ಕೊಟ್ಟೀನಿ.”

ಎಂಟು ಸಲ ಹಿಡಿದರು, ಎಂಟೂ ಕೆಟ್ಟವು. ಗಂಟೆ ಹನ್ನೊಂದೂಕಾಲು ಆಗಿತ್ತು. ವೃಂದಾಳ ದನಿ ಏರುತ್ತಿತ್ತು, ಶಂಕ್ರೆವ್ವನ ಮುಖ ಇನ್ನಷ್ಟು ಬಿಗಿಯುತ್ತಿತ್ತು. ಸುಲ್ತಾನಾ ಕ್ಯಾಮೆರಾವನ್ನು ಸ್ಟ್ಯಾಂಡಿನಿಂದ ಬಿಚ್ಚಿದಳು.

“ಹತ್ತು ನಿಮಿಷ ನೀವಿಬ್ರೂ ಅತ್ತ ಹೋಗ್ರಿ.”

“ಅಕ್ಕಾರ, ಟೈಮೇ ಇಲ್ಲಲ್ರಿ!”

“ಅದಕ್ಕ ಹೇಳಾಕತ್ತೇನಿ.”

ಅವರು ಹೋದರು. ಸುಲ್ತಾನಾ ಕ್ಯಾಮೆರಾವನ್ನು ಬದುವಿನ ಮೇಲಿಟ್ಟು, ಗಿಡದ ಕೆಳಗೆ ಕೂತು ಬಿದ್ದ ಹಣ್ಣು ಆರಿಸತೊಡಗಿದಳು. ನಗಲಾರದ ಮದುಮಗಳ ಜೊತೆ ಅವಳು ಮಾಡುತ್ತಿದ್ದುದೂ ಇಂಥದ್ದನ್ನೇ: ಕ್ಯಾಮೆರಾ ಬದಿಗಿಟ್ಟು ಒಂದು ಕಪ್ ಚಹಾ ಕುಡಿಯುವುದು. ಶಂಕ್ರೆವ್ವ ತುಸು ಹೊತ್ತು ನೋಡಿ, ತಾನೂ ಪಕ್ಕಕ್ಕೆ ಬಂದು ಕೂತಳು.

“ಖರೇ ಹೇಳ್ರಿ ಅಕ್ಕಾರ, ಮಗಳು ಹ್ವಾದ ಮರದಿನ ನೀವು ಅತ್ತಿರೇನು?” ಎಂದು ಸುಲ್ತಾನಾ ಕೇಳಿದಳು.

“ಎಲ್ಲೀ ಅಳೂದವಾ! ಬೀಗರಿಗೆ ಬುತ್ತಿ ಕಟ್ಟೂದು, ಮಂದಿ ಭಾಂಡೆ ತಿರಿಗಿ ಕೊಡೂದು.” ಶಂಕ್ರೆವ್ವ ಕೊಳೆತ ಹಣ್ಣೊಂದನ್ನು ಆಚೆ ಎಸೆದಳು. “ಮುಂಜಾನೆ ಇಲ್ಲಿಗೇ ಬಂದೆ. ಮೋಟರ್ ಬಂದ್ ಮಾಡೂದು ಯಾವಾಗ್ಲೂ ಆಕೀದು ಕೆಲಸ. ‘ಜಯಾ, ಬಂದ್ ಮಾಡ’ ಅಂತ ಒದರಿದೆ. ಓ ಅನ್ಲಿಲ್ಲ. ಮತ್ತೊಮ್ಮೆ ಒದರಿದೆ. ಆಮ್ಯಾಗ ಖಬರ್ ಬಂತು, ಆಕಿ ಇಲ್ಲ ಅಂತ. ನಾನ ಎದ್ದು ಹೋಗಿ ಬಂದ್ ಮಾಡಿದೆ.”

“ಆಮ್ಯಾಗ?”

“ಆಮ್ಯಾಗ ಏನು? ಮನಿಗೆ ಹ್ವಾದೆ.”

ಸುಲ್ತಾನಾ ಕೈಯಲ್ಲಿದ್ದ ಹಣ್ಣುಗಳನ್ನು ಬುಟ್ಟಿಗೆ ಹಾಕಿದಳು. “ಅಕ್ಕಾರ, ಇದನ್ನ ಕ್ಯಾಮೆರಾದಾಗ ಹಿಡೀಲೇನು? ಅಳೂದು ಬ್ಯಾಡ. ಅವತ್ತು ಮಾಡಿದ್ದನ್ನ ಮಾಡ್ರಿ. ನಿಮಗ ಬ್ಯಾಡಾಗಿದ್ರ ಬ್ಯಾಡ, ನಾನೂ ಯಾರ ಮುಂದೂ ಹೇಳಂಗಿಲ್ಲ.”

ಶಂಕ್ರೆವ್ವ ಯೋಚಿಸಿದಳು. “ಇದ್ರಾಗ ಮುಚ್ಚಿಡೂದೇನೈತಿ? ಹಿಡಿ. ಆದ್ರ ನನ್ನ ಮಾರಿ ಮುಂದ ನಿಂದರಬ್ಯಾಡ.”

ಸುಲ್ತಾನಾ ಕ್ಯಾಮೆರಾ ಹೊತ್ತು ಅವಳ ಬೆನ್ನ ಹಿಂದೆ ಬಂದಳು. ಗಂಟೆ ಹನ್ನೊಂದೂ ಮುಕ್ಕಾಲು. ಶಂಕ್ರೆವ್ವ ಬಗ್ಗಿ ಹಣ್ಣು ಆರಿಸುತ್ತಾ ಹೋದಳು. ಕೈಗಳಿಗೆ ತಮ್ಮ ಕೆಲಸ ಗೊತ್ತಿತ್ತು. ನಡುವೆ ತಲೆಯೆತ್ತದೆಯೇ, “ಜಯಾ, ಮೋಟರ್ ಬಂದ್ ಮಾಡವಾ!” ಎಂದು ಕೂಗಿದಳು. ನೀರಿನ ಸದ್ದು. ಹೆದ್ದಾರಿಯಲ್ಲಿ ಒಂದು ಟಂಟಂ ರಿಕ್ಷಾ ಹಾರ್ನ್ ಹೊಡೆಯಿತು. “ಏ ಜಯಾ!” ಎಂದಳು, ಇನ್ನೊಂದು ಸಲ. ಕೈ ನಿಂತಿತು. ತುಸು ಹೊತ್ತು ಹಾಗೇ ಬಗ್ಗಿದ್ದು, ಸೊಂಟಕ್ಕೆ ಕೈ ಕೊಟ್ಟು ಎದ್ದು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಪಂಪ್‌ಸೆಟ್ಟಿನ ಕಡೆ ನಡೆದಳು. ಸುಲ್ತಾನಾ ಹಿಂದೆ ಹಿಂದೆಯೇ ಹೋದಳು. ಗುಂಡಿ ಒತ್ತಿದ ಸದ್ದಾಯಿತು. ಕಾಲುವೆಯ ನೀರು ಸಣ್ಣದಾಗುತ್ತ ಹೋಗಿ ಮಣ್ಣಿನಲ್ಲಿ ಇಂಗಿತು.

ಗಿಡಗಳಾಚೆಯಿಂದ ವೃಂದಾ ಓಡಿ ಬಂದಳು. “ಅಳೂ ಸೀನ್ ಹಿಡಿದ್ರೇನ್ರಿ? ಮಾರಿ ಕಾಣೂ ಹಂಗ ಇನ್ನೊಂದ್ಸಲ ತಗೋಣ್ರಿ.” ಸಂಗಮೇಶ ಮೋಟರ್ ಹಚ್ಚಲು ಹೋದ. ಹನ್ನೆರಡಕ್ಕೆ ಇನ್ನೂ ಎಂಟು ನಿಮಿಷವಿತ್ತು, ಆದರೆ ಕರೆಂಟು ಆಗಲೇ ಹೋಗಿತ್ತು.

ವೃಂದಾಳ ಕಣ್ಣಲ್ಲಿ ನೀರು ತುಂಬಿತು. ಸುಲ್ತಾನಾ ಕ್ಯಾಮೆರಾದ ಸಣ್ಣ ಪರದೆಯನ್ನು ಅವಳತ್ತ ತಿರುಗಿಸಿದಳು. ಬಿಸಿಲಿಗೆ ಕಾಣದೆಂದು ಇಬ್ಬರೂ ಒಂದೇ ಸೆರಗಿನಡಿ ತಲೆ ಹಾಕಿ ನೋಡಿದರು. ಮುಗಿದ ಮೇಲೆ ವೃಂದಾ ತನ್ನ ಕಥೆಯ ಕಾಗದಗಳಿಂದ ಅಳುವ ದೃಶ್ಯದ ಹಾಳೆಯನ್ನು ಹರಿದು ಮಡಚಿದಳು.

“ಅಳೂದು ಬ್ಯಾಡ ತಗೋರಿ,” ಎಂದಳು.

ಒಂದಕ್ಕೆ ಸುಲ್ತಾನಾ ಬಸ್ಸು ಹತ್ತಿದಳು. ಸಿಂದಗಿಯ ದಾರಿಯಲ್ಲಿ, ಯಾವತ್ತೂ ಕೆಲಸದ ನಡುವೆ ಫೋನ್ ಮಾಡದವಳು, ತಾಯಿಗೆ ಫೋನ್ ಹಚ್ಚಿ ತನ್ನ ನಿಕಾಹದ ಮರುದಿನ ನೀನು ಏನು ಮಾಡಿದೆ ಎಂದು ಕೇಳಿದಳು. ಇಪ್ಪತ್ತಾರು ವರ್ಷದ ಹಿಂದಿನದನ್ನು ಈಗ ಯಾಕೆ ಕೇಳುತ್ತೀ ಎಂದು ತಾಯಿ ಗದರಿದಳು. ಆಮೇಲೆ, ಮಗಳ ಹಳೆಯ ಓಢಣಿಯೊಂದು ಬಟ್ಟೆ ಒಣಗಿಸುವ ಹಗ್ಗದ ಮೇಲೆ ಉಳಿದಿತ್ತೆಂದೂ ಅದನ್ನು ನಾಲ್ಕು ದಿನ ತೆಗೆಯಲಿಲ್ಲವೆಂದೂ ಹೇಳಿದಳು. ಬಸ್ಸು ಇಂಡಿ ದಾಟುವವರೆಗೂ ಇಬ್ಬರೂ ಮಾತಾಡುತ್ತಿದ್ದರು.

ಸಿನಿಮಾ ಸೋಮವಾರ ಒಂಬತ್ತೂವರೆಗೆ ಸ್ಪರ್ಧೆಗೆ ಹೋಯಿತು. ಬಹುಮಾನ ಬರಲಿಲ್ಲ. ಆದರೂ ಮುದ್ದೇಬಿಹಾಳದ ಕಾಲೇಜಿನಲ್ಲಿ ಅದನ್ನು ಎಲ್ಲರಿಗೂ ತೋರಿಸಿದರು. ಜುಲ್ಫಿಕರ ಸ್ಟುಡಿಯೋಕ್ಕೆ ಬೀಗ ಹಾಕಿ ಹೆಂಡತಿಯ ಜೊತೆ ಬಂದ. ಶಂಕ್ರೆವ್ವನ ಪಕ್ಕದಲ್ಲಿ ಅವಳ ಮಗಳು ಜಯಮಾಲಾ ಕೂತಿದ್ದಳು. ಪರದೆಯ ಮೇಲೆ ತನ್ನ ಹೆಸರು ಕೇಳಿದಾಗ ಜಯಮಾಲಾ ತಾಯಿಯತ್ತ ತಿರುಗಿದಳು.

“ನನ್ನ ಮುಂದ ಯಾಕ ಹೇಳಲಿಲ್ಲ, ಯವ್ವಾ?”

“ಹೇಳೂವಂಥಾದ್ದು ಏನಿತ್ತ? ಸುಮ್ನ ನೋಡು,” ಎಂದಳು ಶಂಕ್ರೆವ್ವ. ಮಗಳು ಹಿಡಿದ ಕೈಯನ್ನು ಮಾತ್ರ ಬಿಡಿಸಿಕೊಳ್ಳಲಿಲ್ಲ.

ಹಿಂದಿನ ಸಾಲಿನಿಂದ ಸುಲ್ತಾನಾ ಆ ಎರಡು ಕೈಗಳನ್ನು ನೋಡಿದಳು. ಕ್ಯಾಮೆರಾ ಮಡಿಲಲ್ಲೇ ಇತ್ತು. ಅವಳು ಅದರ ಮುಚ್ಚಳ ತೆಗೆಯಲಿಲ್ಲ.