ಹಿಂದ ಯಾರು ಕುಂದರ್ತಾರ?

ಕೂಡ್ಲಿಗಿಯ ಆ ಸೈಕಲ್ ಅಂಗಡಿಯವರು ಕೊಳ್ಳಲು ಬಂದವರನ್ನು ಯಾವ ಬಣ್ಣ ಬೇಕೆಂದು ಕೇಳುತ್ತಿರಲಿಲ್ಲ. "ಹಿಂದ ಯಾರು ಕುಂದರ್ತಾರ?" ಎನ್ನುತ್ತಿದ್ದರು.

ಗೇರ್ ಸೈಕಲ್ಲುಗಳು ನಮ್ಮ ಕಡೆ ಆಗಷ್ಟೇ ಬರತೊಡಗಿದ್ದವು. ಮುಂದೆಯೂ ಹಿಂದೆಯೂ ಸ್ಪ್ರಿಂಗ್ ಇದ್ದ ಡಬಲ್ ಶಾಕಪ್ ಸೈಕಲ್ಲಿಗೆ ನಾನು ಮನಸೋತಿದ್ದೆ. ಅದಕ್ಕೆ ಕ್ಯಾರಿಯರ್ ಕೂಡುವುದಿಲ್ಲವೆಂದು ಗೊತ್ತಿದ್ದೇ "ಯಾರೂ ಇಲ್ರಿ" ಎಂದೆ.

ಅವರು ಆ ಸೈಕಲ್ಲಿನ ಬ್ರೇಕ್ ಹಿಡಿದು, ಹ್ಯಾಂಡಲ್ ಮೇಲೆ ಎದೆಯ ಭಾರ ಹಾಕಿ ಒತ್ತಿದರು. ಮುಂದಿನ ಗಾಲಿ ಹಿಡಿದ ಸ್ಪ್ರಿಂಗಿನ ಫೋರ್ಕ್ ಟಣ್ಣನೆ ಪುಟಿಯಿತು. ಅದೇ ಬೆಲೆಯ, ಮುಂದೆ ಮಾತ್ರ ಸ್ಪ್ರಿಂಗ್ ಇದ್ದ ಇನ್ನೊಂದನ್ನು ಒತ್ತಿದರು. ಅದು ನಿಧಾನವಾಗಿ ಎದ್ದಿತು. "ಫೋರ್ಕ್ ಅಂದ್ರ ಹಿಂಗಿರಬೇಕು. ಅದರಂಗ ಪುಟಿದ್ರ ಕಲ್ಲುದಾರ್ಯಾಗ ಎತ್ತಿ ಒಗಿತೈತಿ" ಎಂದರು.

ನಾನು ಮುಖ ಸಣ್ಣದು ಮಾಡಿದೆ. ಅವರು ಹೊರಗಿದ್ದ ನನ್ನ ಹಳೇ ಸೈಕಲ್ಲಿನ ಕಡೆ ನೋಡಿದರು. ಅದರ ಕ್ಯಾರಿಯರ್ ಮೇಲೆ ಸೀರೆಯೊಂದನ್ನು ಮಡಚಿ ಕಟ್ಟಿದ್ದೆ.

"ಮತ್ತ ಆ ಸೀರಿ ಯಾರದು ತಮ್ಮಾ?"

"ಅವ್ವಂದ್ರಿ. ದಿನಾ ಹೊಲಕ್ಕ ಕರ್ಕೊಂಡು ಹೋಗ್ತೀನಿ. ಗುಡೇಕೋಟಿ ಕಲ್ಲುದಾರಿ, ಸೊಂಟ ನೋಯ್ತೈತಿ ಅಂತಾಳ."

ಅವರು ಬೈಯಲಿಲ್ಲ. ಎರಡನೆಯ ಸೈಕಲ್ಲಿಗೆ ಕ್ಯಾರಿಯರ್ ಬಿಗಿದರು. ಸೀರೆ ಬಿಚ್ಚಿ ತಂದು, ಇನ್ನೂ ದಪ್ಪಗೆ ಮಡಚಿ ಕಟ್ಟಿ, ಫೋರ್ಕ್ ಒತ್ತಿದಷ್ಟೇ ಶ್ರದ್ಧೆಯಿಂದ ಅಂಗೈಯಲ್ಲಿ ಒತ್ತಿ ನೋಡಿದರು.

"ಹ್ಞೂಂ, ಈಗ ಡಬಲ್ ಶಾಕಪ್ ಆತು ನೋಡು."