ಹೊಸ ಕಣ್ಣು, ಹಳೆಯ ಅಳತೆ

ಗೆಳೆಯರೇ, ಬಾಡ ಊರಿನ ಕಡಲಲ್ಲಿ ಇಂದು ಬೆಳಿಗ್ಗೆ ಬಿಟ್ಟ, ದಂಡೆಗೆ ಎಳೆಯುವ ರಂಪಣಿ ಬಲೆ ಖಾಲಿ ಬಂತು. ಬಂಗುಡೆ ಮೀನಿನ ಹಿಂಡು ಬಲೆಯ ಆಚೆಯಿಂದಲೇ ದಾಟಿಹೋಯಿತೆಂದು ಬಲೆ ಎಳೆದ ಹೊನ್ನಪ್ಪ ತಿಳಿಸಿದ. ತಪ್ಪು ಜಟ್ಟಪ್ಪಜ್ಜನದಂತೆ. ದಂಡೆಯ ದಿಬ್ಬದ ಮೇಲೆ ನಿಂತು, ನೀರಿನ ಬಣ್ಣ ನೋಡಿ, ಹಿಂಡು ಎಷ್ಟು ದೂರದಲ್ಲಿದೆಯೆಂದು ಬಟ್ಟೆ ಬೀಸಿ ದೋಣಿಗೆ ತೋರಿಸುವುದು ಅಜ್ಜನ ಕೆಲಸ. ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು, ದಪ್ಪ ಕನ್ನಡಕ ಹಾಕಿ ನಿಂತದ್ದು ಇಂದೇ ಮೊದಲು.

"ಕಣ್ಣು ಮಂಜಾಗಿದ್ದಾಗ ಸರಿ ತೋರಿಸ್ತಿದ್ದೆ. ಈಗ ಎಂತ ಆತು ಅಜ್ಜಾ? ನಾಳೆಯಿಂದ ಬೇರೆಯವ್ರು ನಿಲ್ಲಲಿ" ಎಂದ ಹೊನ್ನಪ್ಪ.

"ಹಿಂಡು ಕಾಲಬುಡದಲ್ಲೇ ಇದ್ದಂಗೆ ಕಂಡ್ತು ಮಾರಾಯಾ!" ಎಂದರು ಅಜ್ಜ.

ಕುಮಟೆಯ ಡಾಕ್ಟರನ್ನು ಕೇಳಿದೆ. ಕಣ್ಣೊಳಗೆ ಮಸೂರ ಕೂರಿಸದೆ ಕೊಟ್ಟ ಈ ದಪ್ಪ ಕನ್ನಡಕದಲ್ಲಿ ಎಲ್ಲವೂ ದೊಡ್ಡದಾಗಿ ಕಾಣುತ್ತದಂತೆ. ದೊಡ್ಡದಾಗಿ ಕಂಡದ್ದು ಹತ್ತಿರವೇ ಇದೆಯೆಂದು ಮಿದುಳು ಹಳೆಯ ರೂಢಿಯಲ್ಲೇ ತೀರ್ಮಾನಿಸುತ್ತದೆ. ಹೊಸ ಅಳತೆ ಕಲಿಯಲು ಅದಕ್ಕೆ ಕೆಲವು ದಿನ ಬೇಕು ಎಂದರು.

ಸಂಜೆ ಇಬ್ಬರಿಗೂ ಹೇಳಿದೆ. "ಹಂಗಾರೆ ತಲೆಯೊಳಗೂ ಒಂದು ಕನ್ನಡಕ ಹಾಕ್ಬೇಕಿತ್ತು" ಎಂದರು ಅಜ್ಜ. ಹೊನ್ನಪ್ಪನಿಗೂ ನಗು ಬಂತು.

ನಾಳೆ ಬೆಳಿಗ್ಗೆ ಏಳಕ್ಕೆ ಅವನು ಬಲೆಯಿಲ್ಲದ ದೋಣಿಯನ್ನು ಕಡಲಿಗಿಳಿಸುತ್ತಾನೆ. ಅದು ಎಷ್ಟು ದೂರದಲ್ಲಿದೆಯೆಂದು ಅಜ್ಜ ದಿಬ್ಬದಿಂದ ಬಟ್ಟೆ ಬೀಸಿ ಹೇಳಬೇಕು; ನಿಜವಾದ ದೂರ ಎಷ್ಟೆಂದು ಹೊನ್ನಪ್ಪ ತಿಳಿಸಿ ತಿದ್ದುತ್ತಾನೆ. ಎಂಟು ದಿನ ಹೀಗೆಯೇ. ದಿಬ್ಬದ ಮೇಲೆ ಯಾರು ನಿಲ್ಲಬೇಕೆಂಬ ತೀರ್ಮಾನ ಒಂಬತ್ತನೆಯ ದಿನ.