ಗಾಳಿಕಿಂಡಿಗೆ ತುರುಕಿದ ಬಟ್ಟೆ

ಶೈಲಾ, ದೋಣಿಯ ಗಾಳಿಕಿಂಡಿಗಳಿಗೆ ಬಟ್ಟೆ ತುರುಕಿದವಳು ನಾನು. ಆರು ವರ್ಷ ನೀನು ಹೊತ್ತ ತಪ್ಪು ನನ್ನದು.

ನಿನ್ನ ಗಂಡ — ನನ್ನ ಮೈದುನ — ನೌಕಾಪಡೆಯಿಂದ ನಿವೃತ್ತನಾಗಿ ಬಬಲೇಶ್ವರಕ್ಕೆ ಬಂದಮೇಲೂ ಕಾರವಾರದಲ್ಲೊಂದು ಹಾಯಿದೋಣಿ ಇಟ್ಟುಕೊಂಡಿದ್ದ. ಅದರ ಪುಟ್ಟ ಕೋಣೆಯ ಜೋಪಾನ ನಿನ್ನದು. ಆ ವರ್ಷ ಮಳೆಗಾಲಕ್ಕೆ ಮುಂಚೆ ನಾವೆಲ್ಲ ಹೋಗಿದ್ದೆವಲ್ಲ — ಹೊರಡುವ ದಿನ ನೀನು ಹಾಸಿಗೆಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ, ಒದ್ದೆ ಟವೆಲ್ಲು ಒಂದನ್ನೂ ಒಳಗೆ ಬಿಡಲಿಲ್ಲ, ಮಳೆ ನುಗ್ಗದಂತೆ ಮರೆಯಿದ್ದ ಎರಡೂ ಕಿಂಡಿಗಳನ್ನು ತೆರೆದೇ ಇಟ್ಟೆ.

"ಒಂದರಾಗಿಂದ ಗಾಳಿ ಬರಬೇಕು, ಇನ್ನೊಂದರಾಗಿಂದ ಹೋಗಬೇಕ್ರಿ ಅಕ್ಕಾ," ಅಂದೆ.

ನಾನು ಕೇಳಿಸಿಕೊಂಡೆ. ಆದರೂ ಕನ್ನಡಕ ಮರೆತೆನೆಂದು ಒಳಗೆ ಹೋದವಳು, ಅಲ್ಲಿದ್ದ ಒರೆಸುವ ಬಟ್ಟೆ ಹರಿದು ಎರಡಕ್ಕೂ ಬಿಗಿಯಾಗಿ ತುರುಕಿದೆ. ತಿಕೋಟಾದಲ್ಲಿ ಹುಟ್ಟಿ ವಿಜಯಪುರದಲ್ಲಿ ಸಂಸಾರ ಮಾಡಿದವಳು ನಾನು. ಮನೆ ಬಿಟ್ಟು ಹೊರಟರೆ ಕಿಟಕಿಯ ಸಂದಿಗೂ ಬಟ್ಟೆ ಇಡುತ್ತೇನೆ. ತಿರುಗಿ ಬಂದಾಗ ಬೆರಳಿಗೆ ಧೂಳು ಹತ್ತಬಾರದು. ಸಮುದ್ರದ ಗಾಳಿಯೂ ನಮ್ಮೂರ ಗಾಳಿಯಂತೆಯೇ ಎಂದುಕೊಂಡೆ — ಅಲ್ಲ, ನಿನಗಿಂತ ನನಗೆ ಹೆಚ್ಚು ಗೊತ್ತು ಎಂದುಕೊಂಡೆ.

ಮಳೆ ನಿಂತ ಮೇಲೆ ಮೈದುನ ಬಾಗಿಲು ತೆರೆದರೆ ಹಾಸಿಗೆ, ಮರದ ಗೋಡೆ, ಮಡಿಸಿಟ್ಟ ಹಾಯಿ — ಎಲ್ಲದರ ಮೇಲೂ ಕರಿ ಬೂಷ್ಟು. ದಸರೆಗೆ ನಮ್ಮ ಮನೆಯಲ್ಲಿ ಎಲ್ಲರೂ ಕೂತಾಗ, ಕಿಂಡಿಗಳಿಗೆ ಬಟ್ಟೆ ಯಾಕೆ ತುರುಕಿದೆಯೆಂದು ನಿನ್ನನ್ನು ಕೇಳಿದ.

"ನಾ ಇಟ್ಟಿಲ್ರಿ," ಅಂದೆ ನೀನು.

"ಮತ್ತ ಯಾರು ತುರುಕ್ಯಾರ? ಸಮುದ್ರದಾಗಿನ ಮೀನು ಬಂದು ತುರುಕಿ ಹೋಗ್ಯಾವೇನ ಬೇ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಶೈಲಾ.

ಒಂದು ಮಾತು ಸಾಕಿತ್ತು. ಮನೆ ಜೋಪಾನದಲ್ಲಿ ಎಂದೂ ತಪ್ಪದವಳೆಂಬ ನನ್ನ ಹೆಸರು — ಅದನ್ನು ಉಳಿಸಿಕೊಂಡೆ. ಹಟ ಹಿಡಿದು ಹಾಯಿ ಬಿಚ್ಚಲು ಕಲಿತ ನೀನು ಮತ್ತೆ ಆ ದೋಣಿಗೆ ಕಾಲಿಡಲಿಲ್ಲ. ಮೊಣಕಾಲು ನೋವು ಎನ್ನುತ್ತೀ. ನಮ್ಮ ಮನೆಯ ಮೆಟ್ಟಿಲನ್ನು ನೀನು ಕೈ ಹಿಡಿಯದೆ ಹತ್ತುವುದನ್ನು ನಾನು ನೋಡಿದ್ದೇನೆ.

ನಿನ್ನೆ ಮೈದುನನಿಗೆ ಫೋನಿನಲ್ಲಿ ಹೇಳಿದೆ. "ಹೋಗ್ಲಿ ಬಿಡ್ರಿ ವೈನಿ, ಹಳೀ ಮಾತು," ಅಂದ.

"ಆಕೀಗೆ ಹಳೇದಾಗಿಲ್ಲಪಾ," ಅಂದೆ.

ಭಾನುವಾರ, ಆ ದಸರೆಗೆ ನಕ್ಕವರೆಲ್ಲ ಮತ್ತೆ ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ. ತಾಟು ಹಾಕುವ ಮೊದಲೇ ಹೇಳುತ್ತೇನೆ. ಅವರ ಮುಂದೆ ಹೇಳುವ ಮೊದಲು ನಿನಗೆ ತಿಳಿದಿರಲೆಂದು ಇದನ್ನು ಬರೆದೆ. ನೀನು ಬರಲೇಬೇಕೆಂದಿಲ್ಲ. ಬಂದರೂ ನನ್ನೊಡನೆ ಮಾತಾಡಬೇಕೆಂದಿಲ್ಲ.